ಎದುರು ಟವರ್ ಎದ್ದಿತು, ನಮ್ಮ ಮನೆಗೆ ತಂಬುಳಿ ಬಂತು

ನಾವು ಕಿಟಕಿಯ ಗ್ರಿಲ್‌ನಲ್ಲಿ ತರಕಾರಿ ಬೆಳೆಯುತ್ತೇವೆ ಅಂತ ಗೊತ್ತಾದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆ. ಮಣ್ಣು ಎಲ್ಲಿಂದ ತರ್ತೀರಿ? ಗೊಬ್ಬರ ಯಾವುದು? ಬೀಜ ಊರಿಂದ ಬರ್ತದಾ, ಆನ್‌ಲೈನಾ? ಸ್ವಲ್ಪ ಓದಿಕೊಂಡವರಾದರೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಎಷ್ಟು ಪಾಲು ಅಂತಲೂ ಕೇಳುತ್ತಾರೆ. ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಅಂತ ಮಾತ್ರ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಇದೇ ಜನ ಮನೆ ಕೊಳ್ಳುವಾಗ ಮುಖ್ಯ ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಅಂತ ಬ್ರೋಕರನ ಜೀವ ತಿಂದಿರುತ್ತಾರೆ. ವಾಸ್ತುವಿಗೆ ದಿಕ್ಕು ಬೇಕು, ಬದನೆ ಗಿಡಕ್ಕೆ ಬೇಡ!

ಮುಂಬಯಿಯಲ್ಲಿ ದುಡ್ಡು ಕೊಟ್ಟರೆ ಉಳಿದದ್ದೆಲ್ಲ ಸಿಗುತ್ತದೆ. ಕೆಂಪು ಮಣ್ಣು ಚೀಲದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಎರೆಗೊಬ್ಬರ, ಬೇವಿನ ಹಿಂಡಿ, ಸೆಗಣಿ ಪುಡಿ ಎಲ್ಲ ಪ್ಯಾಕೆಟ್ಟಿನಲ್ಲಿ. ಅದು ಬಿಡಿ, ಸೆಗಣಿಯ ಬೆರಣಿಯೂ ಆನ್‌ಲೈನ್ ಸಿಗುವ ಕಾಲ ಇದು. ಆದರೆ ಬಿಸಿಲು ಯಾವ ನರ್ಸರಿಯಲ್ಲೂ ಇಲ್ಲ. ಫ್ಲ್ಯಾಟಿನಲ್ಲಿ ಏನು ಬೆಳೆಯಬಹುದು ಅನ್ನುವುದನ್ನು ನಿಮ್ಮ ಶ್ರದ್ಧೆ, ನಿಮ್ಮ ಗೊಬ್ಬರ, ನಿಮ್ಮ ಕೈಗುಣ ಇವೆಲ್ಲಕ್ಕಿಂತ ಮೊದಲು ತೀರ್ಮಾನ ಮಾಡುವುದು ಎದುರಿನ ಬಿಲ್ಡಿಂಗಿನ ಎತ್ತರ. ಈ ಮಾತು ನನ್ನ ತಲೆಯಲ್ಲಿ ಕೊರೆಯಲು ಶುರುವಾಗಿ ಕೆಲವು ವರ್ಷಗಳೇ ಆದವು. ಯಾಕೆಂದರೆ ನಮ್ಮ ಎದುರಿನ ಬಿಲ್ಡಿಂಗ್ ನಮ್ಮ ಕಣ್ಣೆದುರೇ ಬೆಳೆದು ಟವರ್ ಆಯಿತು.

ನಾವಿರುವುದು ಮುಲುಂಡ್ ಪೂರ್ವದಲ್ಲಿ. ನಾಲ್ಕು ಮಾಳಿಗೆಯ ಹಳೇ ಸೊಸೈಟಿ, ಲಿಫ್ಟ್ ಇಲ್ಲ, ಮೂರನೇ ಮಾಳಿಗೆ. ಹಾಲ್‌ನ ಕಿಟಕಿ ದಕ್ಷಿಣಕ್ಕೆ, ರಸ್ತೆ ಕಡೆಗೆ. ಕಿಚನ್ ಕಿಟಕಿ ಪೂರ್ವಕ್ಕೆ, ಪಕ್ಕದ ಬಿಲ್ಡಿಂಗಿನ ಪೈಪುಗಳನ್ನು ನೋಡಿಕೊಂಡು. ಎರಡಕ್ಕೂ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್. ಮುಂಬಯಿಯ ಮಧ್ಯಮ ವರ್ಗಕ್ಕೆ ಬಾಲ್ಕನಿ, ಅಟ್ಟ, ಕೈತೋಟ, ಒಣಗಿಸುವ ಅಂಗಳ ಎಲ್ಲವೂ ಈ ಗ್ರಿಲ್ಲೇ.

ಅತ್ತೆಯ ಸೀಮೆಸುಣ್ಣ

ನಮ್ಮ ಅತ್ತೆ ಉಡುಪಿ ಹತ್ತಿರದ ಕಟಪಾಡಿ ಕಡೆಯವರು. ಅವರ ಮನೆಯ ಬಚ್ಚಲಿನ ಹಿಂದೆ ಬಸಳೆ ಚಪ್ಪರ. ಬಚ್ಚಲು ನೀರು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಎಲ್ಲ ಅದರ ಬುಡಕ್ಕೆ. ಒಂದು ಡಿಸೆಂಬರಿನಲ್ಲಿ ಅವರು ಮಂಗಳೂರು–ಮುಂಬಯಿ ರಾತ್ರಿ ಬಸ್ಸಿನಲ್ಲಿ ಬಂದಿಳಿದಾಗ ಬ್ಯಾಗಿನಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ ಎಲ್ಲ ಇದ್ದದ್ದೇ. ಅದರ ಮೇಲೆ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಬಿಡಿಸಿದರೆ ಹೆಬ್ಬೆರಳು ದಪ್ಪದ ಬಸಳೆ ದಂಟುಗಳು, ಒಂದೊಂದಕ್ಕೂ ಎರಡು ಮೂರು ಗಣ್ಣು. "ಇಲ್ಲಿ ಒಂದು ಜೂಡಿಗೆ ಎಷ್ಟು ಕೊಡ್ತೀರಿ?" ಅಂತ ಕೇಳಿದರು. ಹೇಳಿದೆ. "ಅಯ್ಯೋ ಮಾರಾಯ್ತಿ" ಅಂದರು. ಅವರ ಊರಲ್ಲಿ ಬಸಳೆ ದುಡ್ಡು ಕೊಟ್ಟು ತರುವ ವಸ್ತುವೇ ಅಲ್ಲ, ಬೇಲಿ ಆಚೆಯಿಂದ ಕೇಳಿ ತರುವ ವಸ್ತು.

ಬಂದ ದಿನವೇ ನೆಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ನೆಡಲಿಲ್ಲ. ದಂಟುಗಳನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿ, ಮಗಳ ಕಂಪಾಸ್ ಬಾಕ್ಸಿನಿಂದ ಒಂದು ಸೀಮೆಸುಣ್ಣ ತೆಗೆದುಕೊಂಡು ಹಾಲ್‌ನಲ್ಲಿ ಕೂತರು. ಬೆಳಿಗ್ಗೆ ತಿಂಡಿ ಆದ ಮೇಲೆ ಬಿಸಿಲು ಗ್ರಿಲ್ ದಾಟಿ ಒಳಗೆ ಬಂತು. ಬಿಸಿಲಿನ ಅಂಚಿಗೆ ಟೈಲ್ಸ್ ಮೇಲೆ ಒಂದು ಗೆರೆ ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಸೀರಿಯಲ್ ನಡುವೆ ಎದ್ದು ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಸೋಫಾದ ಕಾಲಿನವರೆಗೆ ಬಂದು ನಿಂತಿತ್ತು. ಸಂಜೆ ಹೊತ್ತಿಗೆ ನಮ್ಮ ಹಾಲ್‌ನ ನೆಲ ಪೂರ್ತಿ ಓರೆ ಗೆರೆಗಳು. ಕೆಲಸದ ಬಾಯಿ ಮರುದಿನ ಒರೆಸಲು ಬಂದವಳು, ಇದು ಯಾವ ಪೂಜೆ ಅಂತ ಕೇಳಿದಳು. ಅಡುಗೆಮನೆಯ ಕಿಟಕಿಯಲ್ಲೂ ಇದೇ ಪರೀಕ್ಷೆ ನಡೆಯಿತು. ಅಲ್ಲಿ ಬೆಳಗಿನ ಬಿಸಿಲು ಎರಡು ಬಿಲ್ಡಿಂಗುಗಳ ಸಂದಿನಿಂದ ಬಂದು, ಕುಕ್ಕರ್ ಮೂರು ಸೀಟಿ ಹಾಕುವಷ್ಟು ಹೊತ್ತು ಇದ್ದು, ಹೊರಟುಹೋಗುತ್ತಿತ್ತು.

"ಊರಲ್ಲಿ ನೀವು ಹೀಗೆಲ್ಲ ನೋಡ್ತೀರಾ?" ಅಂತ ಕೇಳಿದೆ.

"ಊರಲ್ಲಿ ಬಿಸಿಲು ಯಾರು ಹುಡುಕ್ತಾರೆ? ನೆರಳು ಹುಡುಕುವುದು" ಅಂದರು. "ಇಲ್ಲಿ ನಿಮ್ಮದು ಉಲ್ಟಾ ಅಲ್ವಾ."

ಅವರು ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವವರೆಗೂ ಇದ್ದರು. ಆ ಹೊತ್ತಿಗೆ ಬಿಸಿಲು ಹಾಲ್‌ನೊಳಗೆ ಬರುವುದು ಕಮ್ಮಿಯಾಗುತ್ತಾ ಬಂದು, ಸೋಫಾ ಬಿಟ್ಟು ಟೀಪಾಯಿ ಬಿಟ್ಟು ಕಿಟಕಿಯ ಗೋಡೆಗೆ ಅಂಟಿಕೊಂಡಿತ್ತು. ಸೆಕೆ ಜಾಸ್ತಿ ಆಗುತ್ತಿದೆ, ಬಿಸಿಲು ಮಾತ್ರ ಮನೆಯಿಂದ ಹಿಂದೆ ಸರಿಯುತ್ತಿದೆ. ನನಗೆ ಅದು ವಿಚಿತ್ರ ಅನಿಸಿತು. ಅತ್ತೆಗೆ ಅನಿಸಲಿಲ್ಲ. "ಸೂರ್ಯ ತಲೆ ಮೇಲೆ ಬಂದ, ಇನ್ನು ನಿನ್ನ ಕಿಟಕಿಗೆ ಬಗ್ಗಿ ನೋಡುವುದಿಲ್ಲ" ಅಂತ ಸುಮ್ನೆ ಹೇಳಿ ಬಟಾಣಿ ಸುಲಿಯುತ್ತಾ ಕೂತರು.

ಹತ್ತೊಂಬತ್ತು ಡಿಗ್ರಿಯ ಲೆಕ್ಕ

ಆಮೇಲೆ ನಾನು ಕೂತು ಲೆಕ್ಕ ಹಾಕಿದೆ. ನಾನು ಅಕೌಂಟ್ಸ್‌ನವಳು, ಲೆಕ್ಕ ಕೂಡಿ ಬರದಿದ್ದರೆ ನಿದ್ದೆ ಬರುವುದಿಲ್ಲ. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕಡೆ 23.5 ಡಿಗ್ರಿ ಇಳಿದಿರುತ್ತಾನೆ. ಎರಡನ್ನೂ 90ರಿಂದ ಕಳೆದರೆ 47.5. ಅಂದರೆ ಆ ದಿನ ನಡುಮಧ್ಯಾಹ್ನವೂ ಸೂರ್ಯ ಆಕಾಶದ ಅರ್ಧಕ್ಕೆ ಮಾತ್ರ ಏರಿರುತ್ತಾನೆ, ಅದೂ ದಕ್ಷಿಣದಲ್ಲಿ. ಹಾಗಾಗಿಯೇ ದಕ್ಷಿಣದ ಕಿಟಕಿಯಿಂದ ಅಷ್ಟು ಒಳಗೆ ಬರುತ್ತಾನೆ. ಮಾರ್ಚ್ ಮೂರನೇ ವಾರಕ್ಕೆ 71 ಡಿಗ್ರಿ. ಮೇ ತಿಂಗಳ ಮಧ್ಯಕ್ಕೆ ನೆತ್ತಿಯ ಮೇಲೆ. ಮುಂಬಯಿಯಲ್ಲಿ ಮೇ 15ರ ಆಸುಪಾಸು ಮತ್ತು ಜುಲೈ 28ರ ಆಸುಪಾಸು, ವರ್ಷಕ್ಕೆ ಎರಡು ಸಲ, ನಡುಮಧ್ಯಾಹ್ನ ನಮ್ಮ ನೆರಳು ಕಾಲಡಿಗೇ ಬೀಳುತ್ತದೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು. ಜುಲೈಯದ್ದು ಮೋಡದಲ್ಲಿ ಯಾರಿಗೂ ಕಾಣುವುದಿಲ್ಲ ಬಿಡಿ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ.

ಇದರಿಂದ ತಿಳಿದದ್ದು ಏನೆಂದರೆ, ದಕ್ಷಿಣದ ಗ್ರಿಲ್ ಇದ್ದವರ ಬೇಸಾಯದ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಅದೃಷ್ಟಕ್ಕೆ ಮುಂಬಯಿಯಲ್ಲಿ ಟೊಮೆಟೊ ಕಚ್ಚುವ ಕಾಲವೂ ಅದೇ. ರಾತ್ರಿ ಸೆಕೆ ಇದ್ದರೆ ಟೊಮೆಟೊ ಹೂವು ಉದುರಿಸುತ್ತದೆ. ಎಪ್ರಿಲ್–ಮೇಯಲ್ಲಿ ಗಿಡ ಎಷ್ಟು ದಷ್ಟಪುಷ್ಟವಾಗಿದ್ದರೂ ಕಾಯಿ ಕಾಣದೆ ಜನ ಗೊಬ್ಬರಕ್ಕೆ ಬೈಯುತ್ತಾರೆ. ಗೊಬ್ಬರದ ತಪ್ಪು ಏನೂ ಇಲ್ಲ. ಉತ್ತರದ ಕಿಟಕಿಗೆ ನೇರ ಬಿಸಿಲು ಸಿಗುವುದೇ ಬೇಸಿಗೆಯ ತುದಿಯಲ್ಲಿ. ಸಿಕ್ಕಿತು ಅನ್ನುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಪೂರ್ವ, ಪಶ್ಚಿಮದವರಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು, ಎದುರಿಗೆ ಏನೂ ಇಲ್ಲದಿದ್ದರೆ. ಮುಂಬಯಿಯಲ್ಲಿ ಎದುರಿಗೆ ಏನೂ ಇಲ್ಲ ಅಂದರೆ ಒಂದೋ ಸಮುದ್ರ, ಒಂದೋ ರೈಲ್ವೆ ಹಳಿ.

ಇನ್ನೊಂದು ವಿಷಯ ಇದೆ. ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬಬಾರದು. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಬಟಾಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಲೈಟ್ ಹಾಕಿದ ಹಾಲ್‌ನೊಳಗೆ ಇರುವುದು ಕೆಲವು ನೂರು ಲಕ್ಸ್ ಅಷ್ಟೇ. ಎರಡೂ ಕಡೆ ನಾವು ಆರಾಮಾಗಿ ಪೇಪರ್ ಓದುತ್ತೇವೆ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಸಿಕೊಳ್ಳುತ್ತದೆ. ಗಿಡಕ್ಕೆ ಆ ಸೌಲಭ್ಯ ಇಲ್ಲ. ಬಿದ್ದ ಬೆಳಕಿನಷ್ಟೇ ಅದಕ್ಕೆ ಊಟ. "ನಮ್ಮ ಮನೇಲಿ ಒಳ್ಳೆ ಬೆಳಕಿದೆ" ಅಂತ ಟಿವಿ ಪಕ್ಕ ಮೆಣಸಿನ ಗಿಡ ಇಡುವವರ ಗಿಡ ಉದ್ದುದ್ದ ಕಡ್ಡಿಯಾಗಿ ಕಿಟಕಿ ಕಡೆಗೆ ಬಾಗುವುದು ಇದಕ್ಕೇ. ಅದರ ಮೇಲೆ ಸೊಳ್ಳೆ ಪರದೆ, ಪಾರಿವಾಳ ತಡೆಯುವ ಕಬೂತರ್ ಜಾಳಿ ಒಂದೊಂದೂ ತನ್ನ ಪಾಲು ಹಿಡಿದುಕೊಳ್ಳುತ್ತದೆ.

ಬಕೆಟ್ಟಿನ ಮಾತು, ಬೇಗ ಮುಗಿಸುತ್ತೇನೆ

ಮಣ್ಣು, ಕುಂಡದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಮುಖ್ಯ ಅನಿಸಿದ್ದು ಮೂರು ನಾಲ್ಕು ವಿಷಯ. ಒಂದು, ತೂಕ. 20 ಲೀಟರಿನ ಪೇಂಟ್ ಬಕೆಟ್ಟಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ ಸುಮಾರು 30 ಕಿಲೋ ಆಗುತ್ತದೆ. ಗ್ರಿಲ್ ಅನ್ನು ಗೋಡೆಗೆ ಹಿಡಿದಿರುವುದು ನಾಲ್ಕಾರು ಬೋಲ್ಟ್, ಕೆಳಗೆ ಓಡಾಡುವವರು ಮಕ್ಕಳು ಮುದುಕರು. ಅದಕ್ಕೇ ನಮ್ಮಲ್ಲಿ ಕೋಕೋಪೀಟ್ ಮತ್ತು ಗೊಬ್ಬರ ಜಾಸ್ತಿ, ಮಣ್ಣು ಕಮ್ಮಿ. ತೂಕ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ಬಕೆಟ್ಟುಗಳು ಗ್ರಿಲ್‌ನಲ್ಲಿ ಅಲ್ಲ, ಕಿಟಕಿ ಕಟ್ಟೆಯ ಮೇಲೆ. ಟೊಮೆಟೊ, ಬದನೆಗೆ 15–20 ಲೀಟರ್ ಬೇಕೇ ಬೇಕು. ಹರಿವೆ, ಮೆಂತ್ಯಕ್ಕೆ ಅಂಗೈ ಆಳದ ಟ್ರೇ ಸಾಕು, ಮೀನು ಮಾರ್ಕೆಟ್ಟಿನ ಥರ್ಮಕೋಲ್ ಡಬ್ಬಿ ತೊಳೆದು ತೂತು ಮಾಡಿದರೂ ಆದೀತು.

ಎರಡು, ನೀರು. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದಿಡಬೇಕು. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ ಹತ್ತು ದಿನ ಸಾಕು. ಮಹಾನಗರ ಪಾಲಿಕೆಯವರು ಮನೆ ಮನೆಗೆ ಬಂದು ಟಾರ್ಚ್ ಬಿಟ್ಟು ನೋಡುವುದೂ ಇದೇ ತಟ್ಟೆಗಳನ್ನು. ತಟ್ಟೆ ತೆಗೆದರೆ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿನ ಮನೆಯವರ ಬಟ್ಟೆ ಒಣಗಿಸುವ ದೋರಿಗೆ. "ಅಹೋ ವಹಿನಿ, ಕಪಡ್ಯಾಂವರ ಪಾಣಿ ಪಡತಂಯ!" ಅಂತ ಕೆಳಗಿನಿಂದ ಕೂಗು, ಬಟ್ಟೆ ಮೇಲೆ ನೀರು ಬೀಳ್ತಾ ಇದೆ ಅಂತ. ಅವರದ್ದು ಬಿಳಿ ಯೂನಿಫಾರ್ಮ್ ಇದ್ದ ದಿನವೇ ನಮ್ಮ ಕೆಂಪು ಮಣ್ಣಿನ ನೀರು ಇಳಿಯುವುದು. ಕೊನೆಗೆ ಇಬ್ಬರೂ ಸೇರಿ ಸಮಯ ಗೊತ್ತು ಮಾಡಿಕೊಂಡೆವು. ಅವರು ಬಟ್ಟೆ ಎತ್ತಿದ ಮೇಲೆ, ರಾತ್ರಿ, ನಮ್ಮ ನೀರಾವರಿ. ಬಸಳೆ ಆದಾಗ ಮೊದಲ ಜೂಡಿ ಅವರಿಗೆ. ಅವರು ಮಾಲ್ವಣದವರು, ಬಸಳೆಗೆ ಸಿಗಡಿ ಹಾಕುವ ವಿದ್ಯೆ ಅವರಿಗೂ ಗೊತ್ತು. ಆಮೇಲೆ ದೂರು ಬಂದಿಲ್ಲ.

ಮೂರು, ಕಬೂತರ್. 2025ರಲ್ಲಿ ದಾದರಿನ ಕಬೂತರ್‌ಖಾನೆ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗ, ಮುಚ್ಚಿದಾಗ ಆದ ಗಲಾಟೆ ಎಲ್ಲರೂ ನೋಡಿದ್ದೇವೆ. ನೀವು ಯಾವ ಪಕ್ಷ ಅಂತ ಗಿಡ ಬೆಳೆಸುವ ಯಾರನ್ನೂ ಕೇಳುವ ಅಗತ್ಯ ಇಲ್ಲ. ಮೆಂತ್ಯ ಮೊಳಕೆ ಬಂದ ಟ್ರೇಯ ಮಧ್ಯದಲ್ಲಿ ಎರಡು ಕಡ್ಡಿ ಇಟ್ಟು ಅದನ್ನೇ ಗೂಡು ಅಂತ ಕರೆದು ಮೊಟ್ಟೆ ಇಡುವ ಹಕ್ಕಿ ಅದು.

ಹೂವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಟವರ್ ಬರುವ ಮುಂಚೆ ನಮ್ಮ ಗ್ರಿಲ್ ಮೇಲೆ ಹೀರೆ ಬಳ್ಳಿ ಹಬ್ಬಿತ್ತು. ಹೀರೆ ಹೂವು ಅರಳುವುದು ಸಂಜೆ. ಗಂಡು ಹೂವು ಗೊಂಚಲಾಗಿ, ಹೆಣ್ಣು ಹೂವು ಒಂಟಿಯಾಗಿ, ಬುಡದಲ್ಲಿ ಕಿರುಬೆರಳಿನ ತುದಿಯಷ್ಟು ಚಿಕ್ಕ ಕಾಯಿ ಹೊತ್ತುಕೊಂಡು. ಮೂರನೇ ಮಾಳಿಗೆಗೆ ಆ ಹೊತ್ತಿಗೆ ಬರುವ ಹುಳುಗಳು ಕಮ್ಮಿ. ಹಾಗಾಗಿ ನಮ್ಮವರು ಆಫೀಸಿಂದ ಬಂದು, ಲೋಕಲ್‌ನ ಬೆವರು ಒರೆಸಿಕೊಂಡು, ಒಂದು ಗಂಡು ಹೂವು ಕಿತ್ತು ಹಳದಿ ಎಸಳು ಬಿಡಿಸಿ, ಒಳಗಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಸವರುತ್ತಿದ್ದರು. ಕೈ ತಾಗಿದ ಹೂವಿನ ಕಾಯಿ ಎರಡು ದಿನದಲ್ಲಿ ಉಬ್ಬಿ ಕೆಳಗೆ ಬಾಗುತ್ತಿತ್ತು, ತಪ್ಪಿಸಿಕೊಂಡದ್ದು ಹಳದಿಯಾಗಿ ಉದುರುತ್ತಿತ್ತು. ಹಾಗಲ, ಸೌತೆ ಆದರೆ ಇದೇ ಕೆಲಸ ಬೆಳಿಗ್ಗೆ ಮಾಡಬೇಕು. ನಮ್ಮ ಮನೆಯಲ್ಲಿ ಬೆಳಿಗ್ಗೆ 7.22ರ ಲೋಕಲ್ ಹಿಡಿಯುವವರಿದ್ದ ಕಾರಣ ಹೀರೆಯೇ ಆಯಿತು. ಆ ಕಾಯಿಯ ಸಿಪ್ಪೆ ಚಟ್ನಿ ಸಹಿತ ಏನೂ ಹಾಳಾಗುತ್ತಿರಲಿಲ್ಲ.

ಎದುರಿನವರು ಎದ್ದರು

ಎದುರು ಸೊಸೈಟಿಯದ್ದೂ ನಮ್ಮಂತೆ ನಾಲ್ಕು ಮಾಳಿಗೆ, ಸುಮಾರು 13 ಮೀಟರ್ ಎತ್ತರ. ನಡುವೆ 40 ಅಡಿ ರಸ್ತೆ. ಡಿಸೆಂಬರಿನ ಮಧ್ಯಾಹ್ನ 47.5 ಡಿಗ್ರಿಯ ಬಿಸಿಲಿನಲ್ಲಿ 13 ಮೀಟರ್ ಕಟ್ಟಡದ ನೆರಳು 12 ಮೀಟರ್ ಉದ್ದ. ರಸ್ತೆಯಲ್ಲೇ ನಮ್ಮ ಕಾಂಪೌಂಡಿನ ಹತ್ತಿರ ಬಂದು ನಿಲ್ಲುತ್ತಿತ್ತು, ಮೇಲೆ ಹತ್ತುತ್ತಿರಲಿಲ್ಲ. ಹಳೇ ಕಾಲದವರು ಕೂತು ಲೆಕ್ಕ ಹಾಕಿಯೇ ಕಟ್ಟಿದ್ದರೋ ಏನೋ, ನನಗಂತೂ ಆ ಅಳತೆ ಮೇಲೆ ಗೌರವ ಬಂತು.

ಆಮೇಲೆ ಅವರದ್ದು ರೀಡೆವಲಪ್‌ಮೆಂಟಿಗೆ ಹೋಯಿತು. ಪತ್ರ, ಮೀಟಿಂಗ್, ಜಗಳ, ಬಿಲ್ಡರ್ ಬದಲಾವಣೆ, ಎಲ್ಲ ಮಾಮೂಲು. ಒಂದು ದಿನ ಎಲ್ಲರೂ ಟೆಂಪೋಗಳಲ್ಲಿ ಕಪಾಟು ಹೇರಿಕೊಂಡು ಬಾಡಿಗೆ ಮನೆಗಳಿಗೆ ಹೊರಟರು. ಬಿಲ್ಡಿಂಗ್ ಒಡೆದರು. ಆಗ ಒಂದು ಕಾಲ ಬಂತು ನೋಡಿ! ಎದುರಿಗೆ ತಗಡಿನ ಬೇಲಿ, ಅದರ ಹಿಂದೆ ಹೊಂಡ, ಅದರ ಮೇಲೆ ಪೂರ್ತಿ ಆಕಾಶ. ಆ ಚಳಿಗಾಲದಲ್ಲಿ ನಮ್ಮ ಬೆಂಡೆ ಗಿಡಗಳು ಗ್ರಿಲ್‌ನ ಮೇಲಿನ ಸರಳು ಮುಟ್ಟಿದವು. ಟೊಮೆಟೊಗೆ ಮರದ ಊರುಗೋಲು ಸಾಲದೆ ಕರ್ಟನ್ ರಾಡ್ ಕಟ್ಟಬೇಕಾಯಿತು. ಎಲೆಗಳ ಮೇಲೆ ಸಿಮೆಂಟ್ ಧೂಳು ಕೂತಿರುತ್ತಿತ್ತು, ದಿನಾ ತೊಳೆಯುತ್ತಿದ್ದೆ. ಫೋನಿನಲ್ಲಿ ಅತ್ತೆಗೆ ಹೇಳಿದರೆ, "ಈಗಲೇ ತಿಂದುಕೋ" ಅಂದರು.

ಮಾಳಿಗೆ ಮೇಲೆ ಮಾಳಿಗೆ ಬಂತು. ಈಗ ಅದು 22 ಮಾಳಿಗೆ, ಸುಮಾರು 70 ಮೀಟರ್. ಡಿಸೆಂಬರಿನ ಮಧ್ಯಾಹ್ನ ಅದರ ನೆರಳು 64 ಮೀಟರ್ ಉದ್ದ. ನಮ್ಮ ಬಿಲ್ಡಿಂಗನ್ನು ದಾಟಿ ಹಿಂದಿನ ಗಲ್ಲಿಯವರೆಗೆ. ನಮ್ಮ ಕಿಟಕಿಯಲ್ಲಿ ನಿಂತರೆ ಟವರ್‌ನ ತುದಿ ನೋಡಲು ಕತ್ತು 71–72 ಡಿಗ್ರಿ ಎತ್ತಬೇಕು. ಅಂದರೆ ಮಾರ್ಚ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಅದರ ಹಿಂದೆಯೇ ಇರುತ್ತಾನೆ. ಆಮೇಲೆ ಅದರ ನೆತ್ತಿ ದಾಟಿ ಮೇಲೆ ಬರುತ್ತಾನೆ ನಿಜ. ಆದರೆ ಅಷ್ಟು ಮೇಲಿನ ಬಿಸಿಲನ್ನು ನಮ್ಮದೇ ಕಿಟಕಿಯ ಸಜ್ಜಾ ಮತ್ತು ಮೇಲಿನ ಮನೆಯವರ ಗ್ರಿಲ್ ತಡೆಯುತ್ತವೆ. ಟವರ್ ಬಿಟ್ಟಾಗ ಸಜ್ಜಾ ಹಿಡಿಯುತ್ತದೆ. ಕಾಗದದ ಮೇಲೆ ಈ ಎರಡು ಗೆರೆ ಒಂದೇ ಕಡೆ ಬಂದು ಸೇರಿದ್ದನ್ನು ನೋಡಿದಾಗ ನನಗೆ ನಗು ಬಂತು. ಯಾರೋ ಬೇಕೆಂದೇ ಅಳೆದು ಕಟ್ಟಿದಂತಿತ್ತು. ಈಗ ಉಳಿದಿರುವುದು ಬೆಳಿಗ್ಗೆ ಟವರ್‌ನ ಪಕ್ಕದ ಸಂದಿನಿಂದ ಓರೆಯಾಗಿ ಬರುವ ಸ್ವಲ್ಪ ಬಿಸಿಲು, ಮತ್ತೆ ಅದರ ಬಿಳಿ ಪೇಂಟಿನಿಂದ ವಾಪಸ್ ಬರುವ ಬೆಳಕು.

ಬಿಸಿಲಿಗೆ ಕಾನೂನು ಇಲ್ಲವೇ ಅಂತ ನಮ್ಮ ಸಂಬಂಧಿಕರಲ್ಲಿ ಒಬ್ಬ ವಕೀಲರನ್ನು ಕೇಳಿದೆ. ಇದೆ. 1882ರ ಈಸ್‌ಮೆಂಟ್ಸ್ ಕಾಯಿದೆಯ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕಿನಂತೆ ಬೆಳಕು ಗಾಳಿ ಬರುತ್ತಿದ್ದರೆ ಅದು ಹಕ್ಕಾಗಿ ನಿಲ್ಲುತ್ತದೆ. ಕೇಳಲು ಸಂತೋಷವಾಗುತ್ತದೆ. ಆದರೆ ಕೋರ್ಟು ನೋಡುವುದು, ಬೆಳಕು ಕಮ್ಮಿಯಾಗಿ ಮನೆಯೊಳಗಿನವರ ಸುಖಕ್ಕೆ ನಿಜವಾಗಿ ಧಕ್ಕೆ ಬಂದಿದೆಯೇ, ಅವರ ಕಸುಬಿಗೆ ತೊಂದರೆಯಾಗಿದೆಯೇ ಅಂತ. "ನೀನು ಹಗಲಲ್ಲಿ ಲೈಟ್ ಹಾಕದೆ ಅಕ್ಕಿ ಆರಿಸಬಹುದಾ?" ಅಂತ ಅವರು ಕೇಳಿದರು. ಆರಿಸಬಹುದು. "ಹಾಗಾದ್ರೆ ಮುಗೀತು" ಅಂದರು. ಬೆಂಡೆ ಗಿಡದ ಸುಖದ ಬಗ್ಗೆ ಕಾಯಿದೆ ಏನೂ ಹೇಳುವುದಿಲ್ಲ.

ಗ್ರೋ ಲೈಟ್ ಹಾಕಿ ಅಂತ ಮಗಳು ಹೇಳಿದಳು. 40 ವ್ಯಾಟಿನದು ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಬಿಲ್ಲೇನು ದೊಡ್ಡದಲ್ಲ. ಆದರೂ ನನಗೆ ಮನಸ್ಸು ಬರಲಿಲ್ಲ. ಎಲ್ಲೋ ಕಲ್ಲಿದ್ದಲು ಸುಟ್ಟು ತಂದ ಕರೆಂಟಿನಲ್ಲಿ ಹರಿವೆ ಬೆಳೆದು ಅದನ್ನು ಸಾವಯವ ಅಂತ ಕರೆಯುವುದು ಹೇಗೆ? ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ನೆರಳಿನ ಅಡುಗೆ

ಬೆಳೆ ಬದಲಾಯಿತು. ಬಿಸಿಲಿನ ಗಂಟೆ ಇಳಿದಂತೆ ತರಕಾರಿ ಒಂದೊಂದಾಗಿ ಮನೆ ಬಿಟ್ಟಿತು. ಆರು ಗಂಟೆಗಿಂತ ಕಮ್ಮಿಯಾದಾಗ ಮೊದಲು ಕೈಕೊಟ್ಟದ್ದು ಟೊಮೆಟೊ, ಬದನೆ. ಬೆಂಡೆ ಸ್ವಲ್ಪ ಹಟ ಮಾಡಿತು, ಗಿಡ ಉದ್ದ ಆಗಿ ಕಾಯಿ ಬಿಡದೆ ನಿಂತಿತು. ಹೀರೆ ಬಳ್ಳಿಯಲ್ಲಿ ಬರೀ ಗಂಡು ಹೂವು. ನಾಲ್ಕು ಗಂಟೆಯವರೆಗೆ ಹರಿವೆ, ಮೆಂತ್ಯ, ಪಾಲಕ್ ನಡೆಯುತ್ತಿತ್ತು. ಬಸಳೆ ಈಗಲೂ ಇದೆ. ಎಲೆ ದೊಡ್ಡದಾಗಿ ತೆಳ್ಳಗಾಗಿದೆ, ದಂಟು ಸಣ್ಣ. ಊರಿನ ಬಸಳೆಯ ದಂಟು ಅಗಿದಾಗ ಬರುವ ಆ ರಸ ಇದರಲ್ಲಿ ಇಲ್ಲ. ಆದರೂ ಹಲಸಿನ ಬೀಜ ಹಾಕಿ ಮಾಡಿದ ದಿನ ಯಾರೂ ತಕರಾರು ಮಾಡುವುದಿಲ್ಲ.

ಆಗ ಅತ್ತೆ ಫೋನಿನಲ್ಲಿ ಹೇಳಿದ್ದು, ಊರಲ್ಲಿ ಬಾವಿಕಟ್ಟೆಯ ಹಿಂದೆ, ತೆಂಗಿನ ಬುಡದಲ್ಲಿ, ತೋಡಿನ ಬದಿಯಲ್ಲಿ ಏನೇನು ಇರುತ್ತದೆ ನೆನಪು ಮಾಡಿಕೋ ಅಂತ. ಒಂದೆಲಗ. ದೊಡ್ಡಪತ್ರೆ. ಪುದೀನ. ಕೆಸು. ಅರಸಿನ, ಶುಂಠಿ. ವೀಳ್ಯದೆಲೆ ಬಳ್ಳಿ. ಯಾರೂ ಬಿಸಿಲಿಗೆ ಇಡದ, ಯಾರೂ ಬೇಸಾಯ ಅಂತ ಲೆಕ್ಕಕ್ಕೇ ಹಿಡಿಯದ ಗಿಡಗಳು. ಫ್ಲ್ಯಾಟಿನ ತೋಟದ ಬಗ್ಗೆ ಮಾತಾಡುವವರು ಚೆರ್ರಿ ಟೊಮೆಟೊ, ಬಣ್ಣದ ಕ್ಯಾಪ್ಸಿಕಂ ಫೋಟೋ ತೋರಿಸುತ್ತಾರೆ. ಅವೆಲ್ಲ ಬಯಲು ಬಿಸಿಲಿನ ಬೆಳೆ. ನಮ್ಮ ಫ್ಲ್ಯಾಟುಗಳಲ್ಲಿ ಮುಕ್ಕಾಲು ಪಾಲು ತೋಡಿನ ಬದಿಯಂತೆ ಅರೆ ಕತ್ತಲು, ತೇವ. ಅಲ್ಲಿಗೆ ಅಲ್ಲಿಯದ್ದೇ ಗಿಡ ಇಡಬೇಕಲ್ವಾ?

ಹೀಗೆ ನಮ್ಮ ಅಡುಗೆಮನೆ ಹುಳಿಯಿಂದ ತಂಬುಳಿಗೆ ಬಂತು. ಒಂದೆಲಗ ಬಾಣಲೆಗೆ ಹಾಕುವಂತಿಲ್ಲ, ಹಸಿಯೇ ರುಬ್ಬಬೇಕು. ಬೇರು ಸಹಿತ ಕಿತ್ತು, ಬೇರು ಕತ್ತರಿಸಿ ವಾಪಸ್ ಟ್ರೇಗೆ ಊರಿ, ಎಲೆ ದಂಟು ತೊಳೆದು, ಒಂದು ಹಿಡಿ ಕಾಯಿತುರಿ, ಚೂರು ಜೀರಿಗೆ, ಒಂದು ಹಸಿಮೆಣಸು ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸುವುದು. ತೆಂಗಿನೆಣ್ಣೆಯಲ್ಲಿ ಸಾಸಿವೆ ಒಗ್ಗರಣೆ. ಮಜ್ಜಿಗೆ ಹಾಕದೆ ಗಟ್ಟಿಗೆ ಹುಳಿ ಹಾಕಿ ಅರೆದರೆ ಅದೇ ತಿಮರೆ ಚಟ್ನಿ, ಒಂದೆಲಗಕ್ಕೆ ತುಳುವಿನಲ್ಲಿ ತಿಮರೆ ಅಂತಾರೆ. ದೊಡ್ಡಪತ್ರೆಯಾದರೆ ಮೊದಲು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಬೇಕು. ಎಲೆ ಕಪ್ಪಗೆ ಮುದುಡಿ, ಇಡೀ ಮನೆಗೆ ಓಮದ ಪರಿಮಳ ಹರಡಿದ ಮೇಲೆ ರುಬ್ಬುವುದು. ಆರೇಳು ಎಲೆ ಸಾಕು, ನಾಲ್ಕು ಜನರ ಊಟಕ್ಕೆ ತಂಬುಳಿ. ಇದರ ಲೆಕ್ಕವೂ ನನಗೆ ಹಿಡಿಸಿತು. ಗ್ರಿಲ್‌ನಲ್ಲಿ ಬೆಂಡೆ ಬೆಳೆದಾಗ ಒಂದು ಪಲ್ಯಕ್ಕೆ ಸಾಕಾಗುವಷ್ಟು ಕೂಡಿಸಲು ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬೇಕಿತ್ತು. ಮಳೆಗಾಲದಲ್ಲಿ ಕೆಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಊರಿದು. ಆ ನೀರು ಹರಿವೆಯನ್ನು ಕೊಳೆಸುತ್ತದೆ, ಕೆಸುವಿಗೆ ಹಬ್ಬ. ತುಳುನಾಡಿನ ಮಳೆಗಾಲದ ಆಟಿ ತಿಂಗಳಿಗೆ ಪತ್ರೊಡೆ ಮಾಡುವಷ್ಟು ಎಲೆ ನಮ್ಮ ಗ್ರಿಲ್‌ನಲ್ಲೇ ಆಗುತ್ತದೆ. ಸಾಲದಿದ್ದರೆ ಮಂಗಳೂರು ಸ್ಟೋರ್ಸ್ ಇದ್ದೇ ಇದೆ.

ನಮ್ಮ ಸರದಿ

ಈಗ ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿನಲ್ಲೂ ಪತ್ರ ಅಂಟಿಸಿದ್ದಾರೆ. ರೀಡೆವಲಪ್‌ಮೆಂಟ್. ಮೀಟಿಂಗಿನಲ್ಲಿ ಎಲ್ಲರ ಪ್ರಶ್ನೆ ಕಾರ್ಪೆಟ್ ಏರಿಯಾ ಎಷ್ಟು, ಬಿಲ್ಡರ್ ಕೊಡುವ ಕಾರ್ಪಸ್ ಹಣ ಎಷ್ಟು, ಪಾರ್ಕಿಂಗ್ ಎಷ್ಟು. ನಾನು ಕಿಚನ್ ಯಾವ ದಿಕ್ಕಿಗೆ ಅಂತ ಕೇಳಿದೆ. ಆರ್ಕಿಟೆಕ್ಟ್ ಹುಡುಗ ನಕ್ಷೆಯನ್ನು ಒಮ್ಮೆ ತಿರುಗಿಸಿ, ಇನ್ನೊಮ್ಮೆ ತಿರುಗಿಸಿ, ವಾಸ್ತು ಪ್ರಕಾರ ಸರಿಯಾಗಿದೆ ಮೇಡಂ ಅಂದ.

ನಮ್ಮ ಹಿಂದೆ, ಉತ್ತರಕ್ಕೆ, ಇನ್ನೊಂದು ನಾಲ್ಕು ಮಾಳಿಗೆಯ ಬಿಲ್ಡಿಂಗಿದೆ. ಅದರ ಎರಡನೇ ಮಾಳಿಗೆಯಲ್ಲಿ ಒಬ್ಬ ವಯಸ್ಸಾದ ಗುಜರಾತಿ ಅಜ್ಜ ಹಾಗಲ ಬಳ್ಳಿ ಹಬ್ಬಿಸುತ್ತಾರೆ. ಎದುರಿನ ಟವರ್‌ನ ನೆರಳು ಮಧ್ಯಾಹ್ನ ಅಲ್ಲಿಗೂ ತಾಗುತ್ತದೆ, ಆದರೆ ಬೇಗ ಸರಿಯುತ್ತದೆ. ನಮ್ಮದು ಎದ್ದರೆ ಸರಿಯುವುದಿಲ್ಲ. ಇದನ್ನೆಲ್ಲ ಯೋಚಿಸಿಯೂ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ. ಮಳೆಗಾಲದಲ್ಲಿ ಬೆಡ್‌ರೂಮಿನ ಸ್ಲ್ಯಾಬ್ ಸೋರುತ್ತದೆ, ಅತ್ತೆಗೆ ಮೂರು ಮಾಳಿಗೆ ಹತ್ತಲು ಆಗುವುದಿಲ್ಲ, ಲಿಫ್ಟ್ ಬೇಕು. ಎದುರಿನವರಿಗೂ ಇದೇ ಕಾರಣಗಳಿದ್ದಿರಬೇಕು. ಅವರ ಮೇಲೆ ಕೋಪ ಇದ್ದದ್ದು ನನಗೆ ಅಲ್ಲಿಗೆ ಇಳಿಯಿತು.

ಒಡೆಯುವವರೆಗೆ ಇನ್ನೂ ಕಾಲ ಇದೆ. ಅಲ್ಲಿಯವರೆಗೆ ಬಿಸಿಲು ಇರುವ ಒಂದೇ ಜಾಗ ಟೆರೇಸ್, ಅಲ್ಲೂ ಟವರ್‌ನ ನೆರಳು ಸರಿದ ಮೇಲೆ. ಮುಂಬಯಿ ಬಂದರಿನಲ್ಲಿ, ಪೋರ್ಟ್ ಟ್ರಸ್ಟಿನ ಕ್ಯಾಂಟೀನ್ ಅಡುಗೆಮನೆಯ ಟೆರೇಸ್ ಮೇಲೆ, ಅಲ್ಲಿನ ಅಧಿಕಾರಿ ಪ್ರೀತಿ ಪಾಟೀಲ್ 2002ರಲ್ಲಿ ಅಡುಗೆಮನೆಯ ಹಸಿ ಕಸದಿಂದಲೇ ತೋಟ ಮಾಡಲು ಶುರು ಮಾಡಿದ್ದರು. ಹಣ್ಣು, ತರಕಾರಿ ಎಲ್ಲ ಬಂತು. ಆ ಕಥೆಯನ್ನು ಪ್ರಿಂಟ್ ತೆಗೆದು ನಮ್ಮ ಅರ್ಜಿಗೆ ಲಗತ್ತಿಸಿದೆ. ಕಮಿಟಿಯವರು ಮೊದಲು ಕೇಳಿದ್ದು ಲೀಕೇಜ್ ಆದರೆ ಯಾರು ಜವಾಬ್ದಾರಿ ಅಂತ. ಹೇಗೂ ಸೋರುತ್ತಲೇ ಇದೆಯಲ್ಲ ಅಂತ ಮೇಲಿನ ಮಾಳಿಗೆಯವರೇ ಹೇಳಿದ್ದರಿಂದ ಆ ಮಾತು ನಿಂತಿತು. ಬಕೆಟ್ಟುಗಳನ್ನು ಇಟ್ಟಿಗೆ ಮೇಲೆ ಇಡುವುದು, ನೀರಿನ ಟ್ಯಾಂಕಿನ ದಾರಿ ಬಿಡುವುದು, ಅಂಚಿಗೆ ಇಡದೆ ತೊಲೆ ಇರುವ ಕಡೆ ಇಡುವುದು, ಎಲ್ಲ ಒಪ್ಪಿದ್ದಾಯಿತು.

ಆಮೇಲೆ ಸೆಕ್ರೆಟರಿ ಒಂದು ಪ್ರಶ್ನೆ ಕೇಳಿದರು. ಮೇ ತಿಂಗಳಲ್ಲಿ ನೀರು ಯಾರು ಹಾಕುತ್ತಾರೆ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಉಡುಪಿಗೆ. ಕೆಳಗಿನ ಮನೆಯವರು ಮಾಲ್ವಣಕ್ಕೆ. ಎರಡನೇ ವಿಂಗ್‌ನವರು ಕಛ್‌ಗೆ. ಸ್ವತಃ ಸೆಕ್ರೆಟರಿ ರತ್ನಾಗಿರಿಗೆ, ಮಾವಿನಹಣ್ಣಿಗೆ. ವಾಚ್‌ಮನ್‌ಗೆ ಹೇಳೋಣ ಅಂದರೆ ಅವನ ತಂಗಿಯ ಮದುವೆ ಮೇಯಲ್ಲೇ. ಕೊನೆಗೆ ಅಕ್ಟೋಬರಿನಲ್ಲಿ ಬಿತ್ತಿ ಎಪ್ರಿಲ್ ಒಳಗೆ ಕೊಯ್ದು ಮುಗಿಯುವ ಬೆಳೆ ಮಾತ್ರ ಹಾಕತಕ್ಕದ್ದು ಅಂತ ಠರಾವು ಬರೆದು ಸಹಿ ಮಾಡಿದೆವು. ಬೆಂಡೆ ನನ್ನ ಪಾಲಿಗೆ ಬಂದಿದೆ. ಟೊಮೆಟೊ ಯಾರದ್ದು ಅನ್ನುವ ವಿಷಯಕ್ಕೆ ಮೂರು ಮನೆಯವರ ನಡುವೆ ಮಾತು ನಡೆಯುತ್ತಾ ಇದೆ, ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇಟ್ಟಿದ್ದಾರೆ.